ಮೂರು ಪೌಂಡಿನ ಕುದುರೆ: ಡಿಕ್ ಟರ್ಪಿನ್ ಐತಿಹ್ಯ ಮತ್ತು ಮಕ್ಕಳ ಸಾಹಸಕಥೆ

ಮಕ್ಕಳಿಗಾಗಿ ಬರೆಯಲಾದ ಇಂಗ್ಲಿಷ್ ಐತಿಹಾಸಿಕ ಸಾಹಸಕಥೆಗಳಲ್ಲಿ ದಾರಿಗಳ್ಳನೂ ಅವನ ಕುದುರೆಯೂ ಬೇರ್ಪಡಿಸಲಾಗದ ಜೋಡಿ. ಮುಖಕ್ಕೆ ಮುಸುಕು, ತಲೆಗೆ ಮೂರು ಮೂಲೆಯ ಟೋಪಿ, ಸೊಂಟದಲ್ಲಿ ಎರಡು ಪಿಸ್ತೂಲು, ಬೆಳದಿಂಗಳ ರಸ್ತೆ. ಇವೆಲ್ಲವುಗಳ ಕೆಳಗೆ ಒಂದು ಕಪ್ಪು ಕುದುರೆ. ಈ ಚಿತ್ರಕ್ಕೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅಂಟಿಕೊಂಡಿರುವ ಹೆಸರು ಡಿಕ್ ಟರ್ಪಿನ್. ಕುದುರೆಯ ಹೆಸರು ಬ್ಲ್ಯಾಕ್ ಬೆಸ್. ಟರ್ಪಿನ್ ಯಾವ ಊರಿನವನು, ಏನು ಮಾಡಿದ, ಯಾವ ಅಪರಾಧಕ್ಕಾಗಿ ನೇಣಿಗೇರಿದ ಎಂಬುದನ್ನು ಅರಿಯದ ಓದುಗನೂ ಅವನು ಲಂಡನ್ನಿನಿಂದ ಯಾರ್ಕ್‌ವರೆಗೆ ಒಂದೇ ಓಟದಲ್ಲಿ ಸವಾರಿ ಮಾಡಿದನೆಂದೂ, ಊರು ಕಣ್ಣಿಗೆ ಬೀಳುವ ಹೊತ್ತಿಗೆ ಆ ಹೆಣ್ಣು ಕುದುರೆ ಕುಸಿದು ಸತ್ತಿತೆಂದೂ ಬಲ್ಲ. ಈ ಕಥೆಯ ಪಕ್ಕದಲ್ಲಿ ಸಮಕಾಲೀನ ದಾಖಲೆಗಳನ್ನು ಇರಿಸಿ ನೋಡಿದಾಗ ಕುದುರೆಯ ಸ್ಥಾನ ಹೇಗೆ ಪಲ್ಲಟಗೊಂಡಿದೆ, ಆ ಪಲ್ಲಟದಿಂದ ಏನೇನು ಮರೆಯಾಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹ್ಯವೆಂದರೆ ಜನಸಮುದಾಯ ಕಾಪಿಟ್ಟುಕೊಂಡ ನೆನಪು, ಅಧಿಕೃತ ಚರಿತ್ರೆ ಬಿಟ್ಟುಹೋದುದನ್ನು ಅದು ಹಿಡಿದಿಟ್ಟಿರುತ್ತದೆ ಎಂಬ ನಂಬಿಕೆಯಿಂದಲೇ ಜಾನಪದ ವಿದ್ವಾಂಸರು ಹೆಚ್ಚಾಗಿ ಕೆಲಸ ಆರಂಭಿಸುತ್ತಾರೆ. ಎರಿಕ್ ಹಾಬ್ಸ್‌ಬಾಮ್ 1959ರಲ್ಲಿಯೂ ಮತ್ತೆ ವಿಸ್ತಾರವಾಗಿ 1969ರಲ್ಲಿಯೂ ಮಂಡಿಸಿದ ‘ಸಾಮಾಜಿಕ ದರೋಡೆಕೋರ’ ಎಂಬ ಪರಿಕಲ್ಪನೆ ಈ ನಂಬಿಕೆಗೆ ಬಲ ತಂದಿತು. ನಮ್ಮಲ್ಲಿಯೂ ದರೋಡೆಕೋರರ ಲಾವಣಿಗಳನ್ನು ಕುರಿತು ಬರೆಯುವಾಗ ಅದನ್ನು ಆಧಾರವಾಗಿ ಹಿಡಿಯುವುದು ವಾಡಿಕೆಯಾಗಿದೆ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ಐತಿಹ್ಯದ ಎದುರಿಗೆ ಇಡಲು ನ್ಯಾಯಾಲಯದ ಕಾಗದಪತ್ರಗಳು ಉಳಿದಿರುವಲ್ಲಿ ಅವನ್ನು ಬಿಚ್ಚಿ ನೋಡದೆ ಮುಂದೆ ಸಾಗುವುದು ಸಂಶೋಧನೆಯಾಗಲಾರದು. ಟರ್ಪಿನ್ನನ ವಿಷಯದಲ್ಲಿ ಅಂಥ ಕಾಗದಪತ್ರಗಳು ಧಾರಾಳವಾಗಿವೆ. ಡೆರೆಕ್ ಬಾರ್ಲೋ 1973ರಲ್ಲಿ ಅವನ್ನು ಒಟ್ಟುಗೂಡಿಸಿದರು. ಯಾರ್ಕ್ ವಿಶ್ವವಿದ್ಯಾಲಯದ ಇತಿಹಾಸಕಾರ ಜೇಮ್ಸ್ ಶಾರ್ಪ್ 2004ರಲ್ಲಿ ಪ್ರಕಟಿಸಿದ ಗ್ರಂಥ ವ್ಯಕ್ತಿಯನ್ನೂ ಕಥೆಯನ್ನೂ ಬೇರೆಬೇರೆಯಾಗಿ ಬಿಡಿಸಿ ತೋರಿಸಿತು.

ರಿಚರ್ಡ್ ಟರ್ಪಿನ್ನನಿಗೆ ಎಸೆಕ್ಸ್ ಪ್ರಾಂತದ ಹೆಂಪ್‌ಸ್ಟೆಡ್ ಗ್ರಾಮದ ಚರ್ಚಿನಲ್ಲಿ ದೀಕ್ಷಾಸ್ನಾನವಾದದ್ದು 1705ರ ಸೆಪ್ಟೆಂಬರ್ 21ರಂದು. ಅವನ ತಂದೆ ಕಸಾಯಿ ವೃತ್ತಿಯವನು, ಪಾನಗೃಹವನ್ನೂ ನಡೆಸುತ್ತಿದ್ದವನು. ಮಗನೂ ಅದೇ ಕಸುಬಿಗಿಳಿದ. ಎಪ್ಪಿಂಗ್ ಕಾಡಿನಲ್ಲಿ ದೊರೆಗೆ ಸೇರಿದ ಜಿಂಕೆಗಳನ್ನು ಕದ್ದು ಕೊಲ್ಲುತ್ತಿದ್ದ ಗುಂಪಿಗೆ ಮಾಂಸವನ್ನು ಸಾಗಹಾಕುವವನೊಬ್ಬ ಬೇಕಿತ್ತು. ಟರ್ಪಿನ್ ಆ ಗುಂಪಿನ ಸಂಪರ್ಕಕ್ಕೆ ಬಂದದ್ದು ಹೀಗೆ, ಕತ್ತಿ ಹಿಡಿದ ಕಸಾಯಿಯಾಗಿ. ಕುದುರೆ ಏರಿದ ವೀರನಾಗಿ ಅಲ್ಲ. 1734ರ ಕೊನೆಯ ಹೊತ್ತಿಗೆ ಆ ಗುಂಪು ಜಿಂಕೆಗಳನ್ನು ಬಿಟ್ಟು ಒಂಟಿಮನೆಗಳಿಗೆ ನುಗ್ಗತೊಡಗಿತು.

1735ರ ಫೆಬ್ರುವರಿ ಮೊದಲ ವಾರದ ಎರಡು ಘಟನೆಗಳನ್ನು ಇಲ್ಲಿ ಹೇಳಲೇಬೇಕು. ಲೌಟನ್ ಎಂಬಲ್ಲಿ ಶೆಲ್ಲಿ ಎಂಬ ವಿಧವೆಯ ಮನೆಗೆ ನುಗ್ಗಿದ ಗುಂಪು, ಹಣವಿಟ್ಟ ಜಾಗವನ್ನು ತೋರಿಸದಿದ್ದರೆ ಬೆಂಕಿಯ ಮೇಲೆ ಮಲಗಿಸುವುದಾಗಿ ಆಕೆಯನ್ನು ಬೆದರಿಸಿತು. ಮೂರು ದಿನಗಳ ಬಳಿಕ, ಎಜ್‌ವೇರ್ ಬಳಿ, ಜೋಸೆಫ್ ಲಾರೆನ್ಸ್ ಎಂಬ ಎಪ್ಪತ್ತರ ವೃದ್ಧ ರೈತನಿಗೆ ಅಂಥದೇ ಬೆದರಿಕೆ ಮಾತಿನಲ್ಲಿ ನಿಲ್ಲಲಿಲ್ಲ. ಪಿಸ್ತೂಲಿನ ಹಿಡಿಯಿಂದ ಅವನನ್ನು ಬಡಿದರು, ತಲೆಯ ಮೇಲೆ ಕೆಟಲಿನ ನೀರು ಸುರಿದರು, ಬಟ್ಟೆ ಜಾರಿಸಿ ಒಲೆಯ ಬೆಂಕಿಯ ಮೇಲೆ ಕುಳ್ಳಿರಿಸಿದರು. ಆ ಹೊತ್ತಿನಲ್ಲಿಯೇ ಗುಂಪಿನ ನಾಯಕ ಗ್ರೆಗರಿ ಮನೆಗೆಲಸದ ಹೆಣ್ಣನ್ನು ಮಹಡಿಗೆ ಎಳೆದೊಯ್ದು ಅತ್ಯಾಚಾರವೆಸಗಿದ. ಟರ್ಪಿನ್ ಆ ಮನೆಯಲ್ಲಿದ್ದ. ವೃದ್ಧನನ್ನು ಹೊಡೆದವರಲ್ಲಿ ಅವನೂ ಒಬ್ಬ. ಇವೆಲ್ಲ ಕಟ್ಟುಕಥೆಗಳಲ್ಲ, ಅಂದಿನ ಪತ್ರಿಕೆಗಳಲ್ಲಿಯೂ ವಿಚಾರಣೆಯ ವರದಿಗಳಲ್ಲಿಯೂ ಬಂದಿರುವ ಸಂಗತಿಗಳು.

ಈ ಗುಂಪು ಸಿಕ್ಕಿಬಿದ್ದದ್ದು ಹೇಗೆ? ಒಂದು ವೃತ್ತಾಂತದ ಪ್ರಕಾರ ಕುದುರೆಗಳ ಮೂಲಕ. ಲಾರೆನ್ಸನ ಮನೆಗೆ ಹೋಗುವ ಮುನ್ನ ಇವರು ಒಂದು ಪಾನಗೃಹದಲ್ಲಿ ತಂಗಿದ್ದರು. ಒಂದು ವಾರದ ನಂತರ ಆ ಪಾನಗೃಹದ ಮಾಲೀಕ ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಹಾದುಹೋಗುವಾಗ ಇನ್ನೊಂದು ಪಾನಗೃಹದ ಹೊರಗೆ ಕಟ್ಟಿದ್ದ ಕುದುರೆಗಳನ್ನು ಕಂಡು, ಇವು ಅಂದು ತನ್ನ ಬಾಗಿಲಲ್ಲಿ ನಿಂತವೇ ಎಂದು ಗುರುತು ಹಿಡಿದ. ಒಳಗೆ ಕುಡಿಯುತ್ತ ಕುಳಿತವರು ಸೆರೆಸಿಕ್ಕರು. ಅವರಲ್ಲಿ ಸುಮಾರು 15 ವರ್ಷದವನಿದ್ದಿರಬಹುದಾದ ಜಾನ್ ವೀಲರ್ ಎಂಬ ಹುಡುಗನಿದ್ದ. ಉಳಿದವರ ಹೆಸರುಗಳನ್ನೆಲ್ಲ ಬಾಯಿಬಿಟ್ಟು ತನ್ನ ಕೊರಳನ್ನು ಉಳಿಸಿಕೊಂಡ. ದಾರಿಗಳ್ಳರ ಕಥೆಗಳಲ್ಲಿ ಹುಡುಗರಿಗೆ ಕೊರತೆಯಿಲ್ಲ, ಆದರೆ ಈ ಹುಡುಗನನ್ನು ನಾಯಕನನ್ನಾಗಿ ಮಾಡಿಕೊಂಡ ಮಕ್ಕಳ ಪುಸ್ತಕ ನನ್ನ ಓದಿಗೆ ಸಿಕ್ಕಿಲ್ಲ.

ಗುಂಪು ಚದುರಿದ ಮೇಲೆಯೇ ಟರ್ಪಿನ್ ನಿಜವಾದ ಅರ್ಥದಲ್ಲಿ ದಾರಿಗಳ್ಳನಾದದ್ದು. ಆ ಅವಧಿ ದೀರ್ಘವಾದುದಲ್ಲ. 1735ರ ಬೇಸಗೆಯಿಂದ 1737ರ ಬೇಸಗೆಯೊಳಗೆ, ನಡುನಡುವೆ ಕಣ್ಮರೆಯಾಗುತ್ತ, ಅದು ಮುಗಿದುಹೋಯಿತು. ಅದನ್ನು ಮುಗಿಸಿದ್ದೂ ಒಂದು ಕುದುರೆ. ಎಪ್ಪಿಂಗ್ ಕಾಡಿನ ಬಳಿ ಜೋಸೆಫ್ ಮೇಜರ್ ಎಂಬಾತನಿಂದ ಕಸಿದುಕೊಂಡ ಕುದುರೆಗೆ ‘ವೈಟ್ ಸ್ಟಾಕಿಂಗ್ಸ್’, ಅಂದರೆ ಬಿಳಿಯ ಕಾಲ್ಚೀಲ, ಎಂದು ಹೆಸರು. ಕುದುರೆ ಕಳೆದುಕೊಂಡವನು ರಿಚರ್ಡ್ ಬೇಯ್ಸ್ ಎಂಬ ಪಾನಗೃಹದ ಮಾಲೀಕನ ನೆರವು ಪಡೆದ. ಕುದುರೆಯ ಸುಳಿವು ವೈಟ್‌ಚಾಪೆಲ್‌ನ ರೆಡ್ ಲಯನ್ ಎಂಬಲ್ಲಿ ದೊರೆಯಿತು. ಅದನ್ನು ಒಯ್ಯಲು ಬರುವವರಿಗಾಗಿ ಕಾದು ಕುಳಿತು ಹಿಡಿದಾಗ ಗುಂಡು ಹಾರಿತು; ಟರ್ಪಿನ್ನನ ಜೊತೆಗಾರ ಮ್ಯಾಥ್ಯೂ ಕಿಂಗ್ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡ. ಗುಂಡು ಹಾರಿಸಿದವನು ಟರ್ಪಿನ್ನನೇ ಎಂದು ಬೇಯ್ಸ್ 1739ರಲ್ಲಿ ಬರೆದ. ಬೇಯ್ಸನೇ ಹಾರಿಸಿದನೆಂಬ ಹೇಳಿಕೆಯೂ ಇದೆ. 1737ರ ಮೇ 4ರಂದು, ತನ್ನನ್ನು ಹಿಡಿಯಲು ಬಂದ ಥಾಮಸ್ ಮಾರಿಸ್ ಎಂಬ ಕಾಡು ಕಾವಲುಗಾರನ ಆಳನ್ನು ಟರ್ಪಿನ್ ಗುಂಡಿಕ್ಕಿ ಕೊಂದ. ಅವನ ತಲೆಗೆ 200 ಪೌಂಡು ಬಹುಮಾನ ಘೋಷಣೆಯಾಯಿತು.

ಅಲ್ಲಿಂದ ಅವನು ಉತ್ತರಕ್ಕೆ ಓಡಿದ. ಹಂಬರ್ ನದಿಯ ದಡದ ಬ್ರೋ ಎಂಬಲ್ಲಿ ಜಾನ್ ಪಾಮರ್ ಎಂಬ ಹೆಸರಿಟ್ಟುಕೊಂಡು ಕುದುರೆ ವ್ಯಾಪಾರಿಯಾಗಿ ನೆಲೆಸಿದ. ನದಿಯ ದಕ್ಷಿಣಕ್ಕಿರುವ ಲಿಂಕನ್‌ಶೈರಿನಲ್ಲಿ ಕದ್ದ ಕುದುರೆಗಳನ್ನು ಉತ್ತರದ ಯಾರ್ಕ್‌ಶೈರಿನಲ್ಲಿ ಮಾರುವುದೇ ಆ ವ್ಯಾಪಾರದ ಒಳಗುಟ್ಟು. 1739ರ ಮಾರ್ಚ್ 22ರಂದು ಯಾರ್ಕ್‌ನಲ್ಲಿ ಅವನ ವಿಚಾರಣೆ ನಡೆಯಿತು. ಆರೋಪ ಹೆದ್ದಾರಿ ದರೋಡೆಯದಲ್ಲ, ಕೊಲೆಯದೂ ಅಲ್ಲ. ಥಾಮಸ್ ಕ್ರೀಸಿ ಎಂಬಾತನ ಒಂದು ಹೆಣ್ಣು ಕುದುರೆ, ಅದರ ಮರಿ ಮತ್ತು ಬೀಜ ಒಡೆದ ಒಂದು ಗಂಡು ಕುದುರೆಯನ್ನು ಕದ್ದನೆಂಬುದು ಆರೋಪ. ಹೆಣ್ಣು ಕುದುರೆಗೆ ಮೂರು ಪೌಂಡು, ಗಂಡು ಕುದುರೆಗೆ ಮೂರು ಪೌಂಡು, ಮರಿಗೆ 20 ಷಿಲಿಂಗು ಎಂದು ಆರೋಪಪತ್ರ ಬೆಲೆ ಕಟ್ಟಿತು. ಕಳವು ನಡೆದ ಊರನ್ನೂ ದಿನಾಂಕವನ್ನೂ ಅದರಲ್ಲಿ ತಪ್ಪಾಗಿ ನಮೂದಿಸಲಾಗಿತ್ತು. ಇಂದಿನ ವಕೀಲರಾದರೆ ಆ ಒಂದು ಕಾರಣದಿಂದಲೇ ಮೊಕದ್ದಮೆಯನ್ನು ಅಲುಗಾಡಿಸಿಬಿಡುತ್ತಿದ್ದರು. ಆದರೆ ಟರ್ಪಿನ್ನನ ಪರವಾಗಿ ವಾದಿಸಲು ಯಾರೂ ಇರಲಿಲ್ಲ. ಕುದುರೆ ಕಳ್ಳತನಕ್ಕೆ 16ನೆಯ ಶತಮಾನದಿಂದಲೂ ಮರಣದಂಡನೆಯ ವಿಧಿಯಿತ್ತು. ಅದು ರದ್ದಾದದ್ದು 1832ರಲ್ಲಿ. ಏಪ್ರಿಲ್ 7ರಂದು ಯಾರ್ಕಿನ ಹೊರವಲಯದ ನೇವ್ಸ್‌ಮೈರ್ ಎಂಬಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಹೊಸ ಕೋಟು, ಹೊಸ ಪಾದರಕ್ಷೆ ಕೊಂಡಿದ್ದ. ಹಿಂದೆ ನಡೆಯಲು ಐವರು ಶೋಕಿಗರನ್ನು ಕೂಲಿಗೆ ಗೊತ್ತುಮಾಡಿದ್ದ. ಏಣಿಯ ಮೇಲೆ ಬಲಗಾಲು ನಡುಗಿದಾಗ ಅದನ್ನು ನೆಲಕ್ಕೆ ಒದೆಯುವಂತೆ ಕುಟ್ಟಿ ಸುಮ್ಮನಾಗಿಸಿ, ತಾನೇ ಕೆಳಕ್ಕೆ ಧುಮುಕಿದನೆಂದು ಸಮಕಾಲೀನ ವರದಿ ಹೇಳುತ್ತದೆ. ಐತಿಹ್ಯಕ್ಕೆ ಬೀಜವಾಗಬಲ್ಲ ನಿಜ ಸಂಗತಿ ಈ ಜೀವನದಲ್ಲಿ ಇದ್ದರೆ ಅದು ಈ ಕೊನೆಯ ಅರ್ಧ ಗಂಟೆ ಮಾತ್ರ.

ಬ್ಲೂಮ್ಸ್‌ಬರಿ, ವೈಟ್‌ಚಾಪೆಲ್, ಯಾರ್ಕ್: ಮೂರು ಕಡೆಯೂ ಕುದುರೆ ಕಳ್ಳನ ವಿರುದ್ಧದ ಸಾಕ್ಷಿ. ಮನುಷ್ಯ ಹೆಸರು ಬದಲಿಸಬಲ್ಲ, ವೇಷ ಬದಲಿಸಬಲ್ಲ. ಕುದುರೆಯ ಕಾಲಿನ ಬಿಳಿಯನ್ನು ಅಷ್ಟು ಸುಲಭವಾಗಿ ಬಚ್ಚಿಡಲಾಗದು. ದಾಖಲೆ ಹೇಳುವ ಈ ಸಂಬಂಧವನ್ನು ಐತಿಹ್ಯ ತಲೆಕೆಳಗು ಮಾಡುತ್ತದೆ. ಅಲ್ಲಿ ಕುದುರೆ ಕಳ್ಳನ ಪರವಾದ ಸಾಕ್ಷಿ.

ಇದು ಎಲ್ಲಿಂದ ಬಂತೆಂದು ಹುಡುಕಿದರೆ ಟರ್ಪಿನ್ ಹುಟ್ಟುವ ಮೊದಲೇ ಸತ್ತ ಇನ್ನೊಬ್ಬ ದಾರಿಗಳ್ಳನ ಬಳಿಗೆ ಹೋಗಬೇಕಾಗುತ್ತದೆ. ಡೇನಿಯಲ್ ಡಿಫೋ 1724ರಿಂದ 1727ರವರೆಗೆ ಪ್ರಕಟವಾದ ತನ್ನ ಬ್ರಿಟನ್ ಪ್ರವಾಸಗ್ರಂಥದಲ್ಲಿ ‘ಸ್ವಿಫ್ಟ್ ನಿಕ್’ ಎಂಬವನ ಕಥೆಯನ್ನು ದಾಖಲಿಸಿದ್ದಾನೆ. 1676ರಲ್ಲಿ ಕೆಂಟ್ ಪ್ರಾಂತದ ಗ್ಯಾಡ್ಸ್ ಹಿಲ್‌ನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬನನ್ನು ದೋಚಿದ ಈತ, ಥೇಮ್ಸ್ ನದಿಯನ್ನು ದೋಣಿಯಲ್ಲಿ ದಾಟಿ, ಸುಮಾರು 200 ಮೈಲು ಸವಾರಿ ಮಾಡಿ ಸಂಜೆಯ ಹೊತ್ತಿಗೆ ಯಾರ್ಕ್ ಮುಟ್ಟಿದ. ಅಲ್ಲಿ ಬಟ್ಟೆ ಬದಲಿಸಿ ನಗರದ ಮೇಯರ್ ಚೆಂಡಾಟವಾಡುತ್ತಿದ್ದ ಬಯಲಿಗೆ ಹೋಗಿ ಅವನೊಡನೆ ಮಾತಿಗೆ ತೊಡಗಿ ಗಂಟೆಯೆಷ್ಟೆಂದು ಕೇಳಿದ. ಮುಂದೆ ವಿಚಾರಣೆಯಲ್ಲಿ ಮೇಯರನೇ ಅವನಿಗೆ ಸಾಕ್ಷಿಯಾದ. ಒಂದೇ ದಿನ ಎರಡೂ ಕಡೆ ಒಬ್ಬನೇ ಮನುಷ್ಯ ಇರುವುದು ಅಸಾಧ್ಯವೆಂದು ಅವನ ಬಿಡುಗಡೆಯಾಯಿತು. ಈ ಸ್ವಿಫ್ಟ್ ನಿಕ್, 1684ರಲ್ಲಿ ಯಾರ್ಕಿನಲ್ಲಿಯೇ ನೇಣಿಗೇರಿದ ಜಾನ್ ನೆವಿಸನ್ ಎಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಸವಾರಿ ನಡೆಯಿತೋ ಇಲ್ಲವೋ, ಕಥೆಯ ತರ್ಕ ಗಮನಾರ್ಹ: ಕುದುರೆ ಎಷ್ಟು ವೇಗವಾಗಿ ಓಡಿತೆಂದರೆ ಅಪರಾಧವೇ ನಡೆಯಲಿಲ್ಲವೆಂದು ನ್ಯಾಯಾಲಯ ನಂಬಬೇಕಾಯಿತು.

ಮುಂದಿನ ಶತಮಾನದಲ್ಲಿ ಈ ಸವಾರಿ ನೆವಿಸನ್ನನಿಂದ ಕಳಚಿ ಟರ್ಪಿನ್ನನ ಹೆಸರಿಗೆ ಸೇರಿಕೊಂಡಿತು. ಒಬ್ಬ ನಾಯಕನ ಆಶಯ ಇನ್ನೊಬ್ಬನಿಗೆ ವರ್ಗವಾಗುವುದು ಜಾನಪದದಲ್ಲಿ ಸಹಜ ಕ್ರಿಯೆ. ಇಬ್ಬರೂ ಯಾರ್ಕಿನಲ್ಲಿ ಸತ್ತದ್ದು ಈ ವರ್ಗಾವಣೆಯನ್ನು ಸುಗಮಗೊಳಿಸಿರಬೇಕು. ಆದರೂ ಟರ್ಪಿನ್ ಸತ್ತ ಕಾಲದ ಬಿಡಿಹಾಳೆಯ ಲಾವಣಿ ಪರಂಪರೆಯಲ್ಲಿ ಬ್ಲ್ಯಾಕ್ ಬೆಸ್ ಇಲ್ಲ. ಅಲ್ಲಿನ ಟರ್ಪಿನ್ ವಕೀಲನೊಬ್ಬನೊಡನೆ ಸಲಿಗೆಯಿಂದ ಮಾತಾಡುತ್ತ, ಹಣ ಎಲ್ಲಿ ಬಚ್ಚಿಟ್ಟಿರುವೆಯೆಂದು ಅವನ ಬಾಯಿಂದಲೇ ಹೊರಡಿಸಿ ದೋಚುವ ಚತುರ. ಅವನ ಬಂಡವಾಳ ಮಾತು, ಕುದುರೆಯಲ್ಲ.

ಕಪ್ಪು ಕುದುರೆಗೆ ಸ್ಥಿರವಾದ ರೂಪ ಕೊಟ್ಟದ್ದು ಮುದ್ರಿತ ಕಾದಂಬರಿ. ಮ್ಯಾಂಚೆಸ್ಟರಿನಲ್ಲಿ 1805ರಲ್ಲಿ ಹುಟ್ಟಿದ ವಿಲಿಯಂ ಹ್ಯಾರಿಸನ್ ಏನ್ಸ್‌ವರ್ತ್ 1834ರಲ್ಲಿ ‘ರುಕ್‌ವುಡ್’ ಪ್ರಕಟಿಸಿದ. ಟರ್ಪಿನ್ ಅದರಲ್ಲಿ ಮುಖ್ಯ ಪಾತ್ರವಲ್ಲ. ಆದರೆ ಯಾರ್ಕ್ ಸವಾರಿಯ ಭಾಗ ಉಳಿದ ಕಾದಂಬರಿಯನ್ನೇ ನುಂಗಿಹಾಕಿತು. ಕಾಲವನ್ನೂ ಗಮನಿಸಬೇಕು. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಓಡತೊಡಗಿ ನಾಲ್ಕು ವರ್ಷ ಕಳೆದಿತ್ತು. ಲಂಡನ್ ಸುತ್ತಲಿನ ರಸ್ತೆಗಳಲ್ಲಿ 1805ರಿಂದ ಕುದುರೆ ಪಹರೆ ನೆಲೆಗೊಂಡು, ಸವಾರ ದರೋಡೆಕೋರ ಬಹುಮಟ್ಟಿಗೆ ಇಲ್ಲವಾಗಿದ್ದ. ಕುದುರೆ ಕದ್ದವನಿಗೆ ನೇಣೆಂಬ ಕಾನೂನು ಎರಡು ವರ್ಷಗಳ ಹಿಂದೆ ಹೋಗಿತ್ತು. ದಾರಿಯಲ್ಲಿ ಹೆದರಿಕೆ ಉಳಿಯದಾದಾಗಲೇ ದಾರಿಗಳ್ಳ ಪ್ರಿಯನಾದ. 1784ರಲ್ಲಿ ಆರಂಭವಾದ ಅಂಚೆಬಂಡಿಗಳು ಹತ್ತು-ಹದಿನೈದು ಮೈಲಿಗೊಮ್ಮೆ ಕುದುರೆ ಬದಲಿಸುತ್ತಿದ್ದುದನ್ನು ಕಂಡಿದ್ದ ಓದುಗರಿಗೆ, ಒಂದೇ ಕುದುರೆ 200 ಮೈಲು ಒಂದೇ ಓಟದಲ್ಲಿ ಓಡುವುದು ಸಾಧ್ಯವಿಲ್ಲವೆಂದು ತಿಳಿಯದೆ ಇರಲಿಲ್ಲ. ಅಮೆರಿಕದಲ್ಲಿ 1955ರಿಂದ ನಡೆದುಬಂದಿರುವ ಟೆವಿಸ್ ಕಪ್ ಎಂಬ ದೂರಸವಾರಿಯಲ್ಲಿ ನುರಿತ ಕುದುರೆಗಳಿಗೂ 100 ಮೈಲಿಗೆ 24 ಗಂಟೆಯ ಅವಧಿ ಕೊಡಲಾಗುತ್ತದೆ.

ಏನ್ಸ್‌ವರ್ತ್ ಒಬ್ಬನೇ ಈ ದಾರಿ ತುಳಿದವನಲ್ಲ. ಅವನದೇ ‘ಜ್ಯಾಕ್ ಶೆಪರ್ಡ್’ 1839ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗತೊಡಗಿತು. ಟರ್ಪಿನ್ ಗಲ್ಲಿಗೇರಿ ಸರಿಯಾಗಿ ನೂರು ವರ್ಷಗಳಾದ ಆ ವರ್ಷವೇ ಲಂಡನ್ನಿನಲ್ಲಿ ಫಿಲಿಪ್ ಮೆಡೋಸ್ ಟೇಲರನ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟವಾಯಿತು. ನಮ್ಮ ಸುರಪುರದ ಆಡಳಿತದೊಡನೆ ಮುಂದೆ ನಿಕಟ ಸಂಬಂಧ ಬೆಳೆಸಿದ ಈ ಟೇಲರ್, ದಕ್ಷಿಣಾಪಥದ ದಾರಿಗಳಲ್ಲಿ ಪ್ರಯಾಣಿಕರ ಕೊರಳು ಬಿಗಿದವನೊಬ್ಬನ ಬಾಯಿಂದಲೇ ಕಥೆ ಹೇಳಿಸಿದ. ಅದನ್ನು ನಮ್ಮವರು ವಸಾಹತುಶಾಹಿ ಪಠ್ಯವೆಂದಷ್ಟೇ ಓದುತ್ತ ಬಂದಿದ್ದೇವೆ. ದಾರಿಗಳ್ಳರ ಆತ್ಮವೃತ್ತಾಂತಗಳಿಗೆ ಲಂಡನ್ನಿನಲ್ಲಿ ಆ ದಶಕದಲ್ಲಿ ಇದ್ದ ಮಾರುಕಟ್ಟೆಯ ಭಾಗವಾಗಿಯೂ ಅದನ್ನು ಓದಬೇಕಾಗಿದೆ. ಟೇಲರನ ನಿರೂಪಕನಿಗೆ ಅವನ ಪಾಪವನ್ನು ಹೊತ್ತು ಓಡುವ ಕುದುರೆಯಿಲ್ಲ. ಅವನು ಮಕ್ಕಳ ನಾಯಕನಾಗಲಿಲ್ಲ.

ಬ್ಲ್ಯಾಕ್ ಬೆಸ್‌ನ ಸಾವಿನಲ್ಲಿ ಒಂದು ಪ್ರಶ್ನೆಯನ್ನು ಕಥೆ ಕೇಳಗೊಡುವುದಿಲ್ಲ: ಅದನ್ನು ಕೊಂದವರು ಯಾರು? ಬೆನ್ನಟ್ಟಿ ಬಂದವರಲ್ಲ, ಸವಾರನೇ. ಉಸಿರು ಹೋಗುವವರೆಗೂ ಓಡಿಸಿದವನು, ಕೊನೆಗೆ ಅದರ ಕುತ್ತಿಗೆಯನ್ನು ತಬ್ಬಿ ಅಳುತ್ತಾನೆ. ಓದುಗನೂ ಅವನೊಡನೆ ಅಳುತ್ತಾನೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಮೊದಲ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1822ರಲ್ಲಿ. ಅದಕ್ಕಾಗಿ ಸಂಘವೊಂದು ಹುಟ್ಟಿದ್ದು 1824ರಲ್ಲಿ. ಕುದುರೆಗಾಗಿ ಕಣ್ಣೀರಿಡಬಲ್ಲ ಓದುಗವರ್ಗ ಸಿದ್ಧವಾಗಿತ್ತು. ಮುಂದೆ ಬಂದ ಲಾವಣಿಯೊಂದರಲ್ಲಿ ಟರ್ಪಿನ್ ಆ ಕುದುರೆ ಪರರ ಕೈ ಸೇರಬಾರದೆಂದು ತಾನೇ ಗುಂಡಿಕ್ಕುತ್ತಾನೆ. ಅಲ್ಲಿ ಕೊಲೆಯೇ ಪ್ರೀತಿಯ ಪುರಾವೆಯಾಗುತ್ತದೆ. ಸರ್ಕಸ್ಸುಗಳು ಈ ಸಾವನ್ನು ಜೀವಂತ ಕುದುರೆಗಳಿಂದ ಆಡಿಸಿದವು. ಜಾತ್ರೆಯ ಡೇರೆಗಳಲ್ಲಿ ಆ ಆಟ ಎಷ್ಟು ಪರಿಚಿತವಾಗಿತ್ತೆಂಬುದಕ್ಕೆ ಥಾಮಸ್ ಹಾರ್ಡಿಯ 1874ರ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಕಾದಂಬರಿ ಸಾಕ್ಷಿ. ಅದರಲ್ಲಿ ಹೆಂಡತಿಯನ್ನು ಬಿಟ್ಟು ಕಣ್ಮರೆಯಾದ ಸಾರ್ಜೆಂಟ್ ಟ್ರಾಯ್ ಕುರಿಸಂತೆಯ ಡೇರೆಯಲ್ಲಿ ಟರ್ಪಿನ್ ಪಾತ್ರ ಕಟ್ಟುತ್ತಾನೆ. ಆ ಪಾತ್ರಕ್ಕೆ ಅಂಥವನನ್ನೇ ಆರಿಸಿದ್ದರಲ್ಲಿ ಹಾರ್ಡಿಯ ಕಣ್ಣು ಎಷ್ಟು ಚುರುಕೆಂಬುದು ತಿಳಿಯುತ್ತದೆ.

ಪ್ರಾಣಿಯ ಸಾವಿಗೆ ಸ್ಮಾರಕ ನಿಲ್ಲಿಸುವುದು ನಮಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ, ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಿ ಸತ್ತುದನ್ನು ದಾಖಲಿಸುತ್ತದೆ. ಗಂಗರ ಬೂತುಗನಿಂದ ಆ ನಾಯಿಯನ್ನು ಬೇಡಿ ಪಡೆದ ಮಣಲೇರ ಕಲ್ಲು ನಿಲ್ಲಿಸಿದ. ಅಲ್ಲಿ ಪ್ರಾಣಿ ಇತ್ತು, ಅದಕ್ಕೊಂದು ಹೆಸರಿತ್ತು, ಸಾವಿಗೊಂದು ಸ್ಥಳವಿತ್ತು. ಟರ್ಪಿನ್ ಐತಿಹ್ಯದಲ್ಲಿ ಹೆಸರೂ ಶೋಕವೂ ದೊರೆತದ್ದು ಎಂದೂ ಇಲ್ಲದ ಕುದುರೆಗೆ; ನಿಜವಾಗಿ ಕಳವಾದ ಕ್ರೀಸಿಯ ಕುದುರೆಗೆ ಆರೋಪಪತ್ರದಲ್ಲಿ ಉಳಿದದ್ದು ಬೆಲೆ ಮಾತ್ರ.

ಮಕ್ಕಳ ಕೈಗೆ ಈ ಕಥೆ ಬಂದದ್ದು ಅಗ್ಗದ ಮುದ್ರಣದ ಮೂಲಕ. 1860ರ ದಶಕದಲ್ಲಿ ‘ಬ್ಲ್ಯಾಕ್ ಬೆಸ್’ ಎಂಬ ಹೆಸರಿನಲ್ಲಿಯೇ ವಾರಕ್ಕೊಂದು ಪೆನ್ನಿಯಂತೆ 254 ಕಂತುಗಳ ಕಥಾಮಾಲೆ ಹೊರಟಿತು. 20ನೆಯ ಶತಮಾನದ ಆರಂಭದಲ್ಲಿ ಆಲ್ಡೀನ್ ಪ್ರಕಾಶನದವರು ಹುಡುಗರಿಗಾಗಿ ‘ಡಿಕ್ ಟರ್ಪಿನ್ ಲೈಬ್ರರಿ’ ಎಂಬ ಮಾಲೆಯನ್ನೇ ನಡೆಸಿದರು. 1979ರಿಂದ 1982ರವರೆಗೆ ಬ್ರಿಟಿಷ್ ದೂರದರ್ಶನದಲ್ಲಿ ಮಕ್ಕಳು-ಹಿರಿಯರೆಲ್ಲ ನೋಡಿದ ಧಾರಾವಾಹಿ ಅವನನ್ನು ಅನ್ಯಾಯಕ್ಕೊಳಗಾದ ಸಜ್ಜನನೆಂದು ತೋರಿಸಿತು. ಹುಡುಗರು ಇವನ್ನೋದಿ ಕೆಡುತ್ತಾರೆಂಬ ಕೂಗೂ ಜೊತೆಜೊತೆಗೇ ಇತ್ತು. ಲಾರ್ಡ್ ವಿಲಿಯಂ ರಸೆಲ್ಲನನ್ನು 1840ರಲ್ಲಿ ಕೊಂದ ಸೇವಕ ‘ಜ್ಯಾಕ್ ಶೆಪರ್ಡ್’ನ ಹೆಸರೆತ್ತಿದನೆಂಬ ಸುದ್ದಿ ಹರಡಿದ ಮೇಲೆ ಅದು ಜೋರಾಯಿತು. ನನ್ನ ಆಕ್ಷೇಪ ಆ ಬಗೆಯದಲ್ಲ. ದಾರಿಗಳ್ಳನ ಕಥೆ ಓದಿದ ಮಗು ದಾರಿಗಳ್ಳನಾಗುವುದಿಲ್ಲ. ಆದರೆ ‘ಐತಿಹಾಸಿಕ’ ಎಂಬ ಹಣೆಪಟ್ಟಿಯೊಡನೆ ಆ ಕಥೆ ಮಗುವಿನ ಕೈ ಸೇರುವಾಗ ಲೌಟನ್ನಿನ ವಿಧವೆಯೂ ಎಜ್‌ವೇರಿನ ಆಳುಹೆಣ್ಣೂ ಇಲ್ಲವಾಗಿರುತ್ತಾರೆ. ಅವರನ್ನು ಅಳಿಸಲು ಯಾರೂ ಸಂಚು ಹೂಡಲಿಲ್ಲ. ಕುದುರೆ ಓಡಿತು, ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು. ಬೆಂಕಿಯ ಮೇಲೆ ಕುಳ್ಳಿರಿಸಲ್ಪಟ್ಟ ವೃದ್ಧನನ್ನು ಮಕ್ಕಳಿಗೆ ಹೇಗೆ ಹೇಳುವುದೆಂಬ ತೊಡಕು ನಿಜವಾದದ್ದೇ. ಹೇಳಲಾಗದಿದ್ದರೆ ಬೇರೆ ನಾಯಕನನ್ನು ಆರಿಸಬಹುದು, ಇಲ್ಲವೇ ಕಲ್ಪಿತ ಹೆಸರೊಂದನ್ನು ಕೊಡಬಹುದು. ಮನುಷ್ಯನ ನಿಜನಾಮವನ್ನು ಉಳಿಸಿಕೊಂಡು ಅವನ ಕೈಯಲ್ಲಿ ನೊಂದವರನ್ನು ಕೈಬಿಡುವುದು ಬೇರೆಯೇ ಮಾತು.

ಕಾದಂಬರಿಯಿಂದ ಹೊರಟದ್ದು ಮತ್ತೆ ನೆಲಕ್ಕಿಳಿದ ಬಗೆಯೂ ಕುತೂಹಲಕರ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹಳೆಯ ಹೆದ್ದಾರಿಯುದ್ದಕ್ಕೂ ಟರ್ಪಿನ್ ಇಲ್ಲಿ ತಂಗಿದ್ದ, ಇಲ್ಲಿ ಬ್ಲ್ಯಾಕ್ ಬೆಸ್ ನೀರು ಕುಡಿಯಿತು ಎನ್ನುವ ಪಾನಗೃಹಗಳಿವೆ. ರಿಚರ್ಡ್ ಡಾರ್ಸನ್ 1950ರಲ್ಲಿ ಬಳಕೆಗೆ ತಂದ ‘ಹುಸಿಜಾನಪದ’ ಎಂಬ ಮಾತು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಮುದ್ರಣದಿಂದ ಬಂದದ್ದನ್ನು ಜನ ಸ್ಥಳಪುರಾಣವಾಗಿ ನಿಜಕ್ಕೂ ಹೇಳಿಕೊಂಡರು, ಹಾಡಿದರು. ವಕ್ತೃಗಳ ಬಾಯಲ್ಲಿ ಅದು ಮೌಖಿಕವೇ. ಆದುದರಿಂದ ಕ್ಷೇತ್ರದಲ್ಲಿ ದೊರೆತ ಹೇಳಿಕೆಯನ್ನು ಹಳೆಯ ನೆನಪೆಂದು ಕರೆಯುವ ಮುನ್ನ ಅದಕ್ಕೂ ಹಿಂದಿನ ಅಚ್ಚಿನ ಹಾಳೆಯನ್ನು ಹುಡುಕುವುದು ಅಗತ್ಯ.

ಇನ್ನು ಜಾನ್ ಪಾಮರ್ ಯಾರೆಂಬುದು ಬಯಲಾದ ಬಗೆ. ಇದು ಸವಾರಿಗಿಂತ ಹೆಚ್ಚು ರೋಚಕವಾದದ್ದು ಎಂಬುದು ನನ್ನ ಅಭಿಪ್ರಾಯ. 1738ರ ಅಕ್ಟೋಬರ್ 2ರಂದು ಬ್ರೋದ ಬೀದಿಯಲ್ಲಿ ಅವನು ಕಾಳಗದ ಹುಂಜವೊಂದನ್ನು ಗುಂಡಿಟ್ಟು ಕೊಂದ. ಕೇಳಿದವನಿಗೂ ಗುಂಡಿಕ್ಕುವೆನೆಂದು ಬೆದರಿಸಿದ. ಜಾಮೀನು ಕೊಡದ್ದರಿಂದ ಸೆರೆಯಾಯಿತು. ವಿಚಾರಿಸುತ್ತ ಹೋದಂತೆ ಕುದುರೆ ಕಳವಿನ ಸಂಶಯ ಎದ್ದಿತು. ಅವನನ್ನು ಯಾರ್ಕ್ ಕೋಟೆಯ ಸೆರೆಮನೆಗೆ ಸಾಗಿಸಿದರು. ಅಲ್ಲಿಂದ ಹೆಂಪ್‌ಸ್ಟೆಡ್ಡಿನಲ್ಲಿದ್ದ ಅಕ್ಕತಂಗಿಯೊಬ್ಬಳ ಗಂಡನಿಗೆ ಅವನೊಂದು ಕಾಗದ ಬರೆದ. ಆಗ ಅಂಚೆಯ ಹಣ ಕೊಡಬೇಕಾದವನು ಕಾಗದ ಪಡೆಯುವವನು. ಯಾರ್ಕಿನಲ್ಲಿ ತನಗೆ ಬೇಕಾದವರು ಯಾರೂ ಇಲ್ಲವೆಂದು ಅವನು ಹಣ ಕೊಡಲು ಒಪ್ಪಲಿಲ್ಲ. ಕಾಗದ ಸ್ಯಾಫ್ರನ್ ವಾಲ್ಡನ್ ಅಂಚೆಮನೆಗೆ ಹೋಯಿತು. ಬಾಲ್ಯದಲ್ಲಿ ಟರ್ಪಿನ್ನನಿಗೆ ಅಕ್ಷರ ಬರೆಯಲು ಕಲಿಸಿದ್ದ ಜೇಮ್ಸ್ ಸ್ಮಿತ್ ಅಲ್ಲಿ ಅದನ್ನು ಕಂಡ. ಬರೆಹದ ವರಸೆಯನ್ನು ಗುರುತಿಸಿದ. 1739ರ ಫೆಬ್ರುವರಿ 23ರಂದು ಯಾರ್ಕ್ ಕೋಟೆಯಲ್ಲಿ ಶಿಷ್ಯನ ಎದುರಿಗೆ ನಿಂತು ಇವನೇ ಎಂದು ಹೇಳಿದ. 200 ಪೌಂಡು ಬಹುಮಾನ ಅವನಿಗೆ ಸಂದಿತು.